ಶಾಲು ಹೊದಿಸುವ ಮೊದಲು ಆ ಒಂದು ಕಿಲೋ: ಮುಂಬಯಿ, ಪುಣೆಯ ಕನ್ನಡ ಸಂಘಗಳಿಗೆ ಬಹಿರಂಗ ಪತ್ರ

ಇವರಿಗೆ,
ಮುಂಬಯಿ, ಠಾಣೆ, ನವಿ ಮುಂಬಯಿ ಮತ್ತು ಪುಣೆಯ ಕನ್ನಡ ಸಂಘ-ಸಂಸ್ಥೆಗಳ ಅಧ್ಯಕ್ಷರು, ವಿಶ್ವಸ್ತರು, ಕಾರ್ಯಕಾರಿ ಸಮಿತಿಯ ಸದಸ್ಯರು ಹಾಗೂ ಯುವ ವಿಭಾಗದ ಕಾರ್ಯಾಧ್ಯಕ್ಷರಿಗೆ

ವಿಷಯ: ವೇಟ್‌ಲಿಫ್ಟಿಂಗ್ ಕಲಿಯುತ್ತಿರುವ ನಮ್ಮ ಮಕ್ಕಳಿಗೆ ಪದಕ ಬಂದ ಮೇಲಿನ ಸನ್ಮಾನಕ್ಕಿಂತ ಪದಕಕ್ಕೆ ಮೊದಲಿನ ನೆರವು ಕೋರಿ

ಮಾನ್ಯರೇ,

2024ರ ಆಗಸ್ಟ್ 7ರಂದು ಪ್ಯಾರಿಸ್ ಒಲಿಂಪಿಕ್ಸ್‌ನ 49 ಕಿಲೋ ವಿಭಾಗದಲ್ಲಿ ಮೀರಾಬಾಯಿ ಚಾನು ಎತ್ತಿದ ಒಟ್ಟು ಭಾರ 199 ಕಿಲೋ. (ಬಾರನ್ನು ನೆಲದಿಂದ ಒಂದೇ ಸಲಕ್ಕೆ ತಲೆಯ ಮೇಲೆತ್ತುವುದು ಸ್ನ್ಯಾಚ್; ಮೊದಲು ಎದೆಗೆ ತಂದು ಅಲ್ಲಿಂದ ತಲೆಯ ಮೇಲೆತ್ತುವುದು ಕ್ಲೀನ್ ಆ್ಯಂಡ್ ಜರ್ಕ್. ಒಂದೊಂದಕ್ಕೂ ಮೂರು ಯತ್ನ; ಎರಡರ ಅತ್ಯುತ್ತಮ ಭಾರ ಕೂಡಿದರೆ ಒಟ್ಟು ಮೊತ್ತ.) ಕಂಚು ಪಡೆದ ಥಾಯ್ಲೆಂಡಿನ ಸುರೋದ್‌ಚನಾ ಖಂಬಾವೊ ಎತ್ತಿದ್ದು 200. ಅದಕ್ಕೆ ಎರಡು ವರ್ಷ ಮೊದಲು ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ಪಕ್ಕದ ಸಾಂಗ್ಲಿಯ ಸಂಕೇತ್ ಸರ್ಗರ್ 248 ಕಿಲೋ ಎತ್ತಿ ಬೆಳ್ಳಿ ಪಡೆದರು. ಚಿನ್ನ ಹೋದದ್ದು 249ಕ್ಕೆ. ಅದೇ ಕೂಟದಲ್ಲಿ ಬಿಂದ್ಯಾರಾಣಿ ದೇವಿಯವರದು 202, ಚಿನ್ನ ಗೆದ್ದ ನೈಜೀರಿಯಾದವರದು 203. ಮೂರು ಕಡೆಯೂ ತಪ್ಪಿದ್ದು ಒಂದೊಂದೇ ಕಿಲೋ. ನಮ್ಮ ಆಟದಲ್ಲಿ ಒಂದು ಕಿಲೋ ಎಂದರೆ ಬಾರಿನ ಎರಡು ತುದಿಗೆ ಸೇರಿಸುವ ಅರ್ಧರ್ಧ ಕಿಲೋದ ಎರಡು ಬಿಳಿ ಪ್ಲೇಟು. ಎರಡನ್ನೂ ಒಂದೇ ಅಂಗೈಯಲ್ಲಿ ಹಿಡಿಯಬಹುದು.

ಆ ಎರಡು ಪ್ಲೇಟು ಎಲ್ಲಿಂದ ಬರುತ್ತವೆ, ಎಲ್ಲಿ ಕಳೆದುಹೋಗುತ್ತವೆ ಎಂಬುದನ್ನು ತಮ್ಮ ಮುಂದಿಡಲು ಈ ಪತ್ರ. ಡೊಂಬಿವಲಿಯಿಂದ ನಿಗ್ಡಿಯವರೆಗೆ ಬೇರೆ ಬೇರೆ ಕಡೆ ಮಕ್ಕಳಿಗೆ ವೇಟ್‌ಲಿಫ್ಟಿಂಗ್ ಹೇಳಿಕೊಡುವ, ಜಿಲ್ಲಾ ಮಟ್ಟದ ಸ್ಪರ್ಧೆಗಳಲ್ಲಿ ತೀರ್ಪುಗಾರರಾಗಿ ಕೂರುವ ಕೆಲವು ಕನ್ನಡಿಗರು ಸೇರಿ ಇದನ್ನು ಬರೆಯುತ್ತಿದ್ದೇವೆ. ಕ್ರೀಡಾ ಇಲಾಖೆಗೆ, ಫೆಡರೇಶನ್ನಿಗೆ ಬರೆಯಬೇಕಾದದ್ದು ಬೇರೆ ಇದೆ. ಇದು ತಮಗೇ ಏಕೆಂದರೆ, ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗರಿಗೆ ಈ ಊರಲ್ಲಿ ಕನ್ನಡ ರಾತ್ರಿಶಾಲೆ ತೆರೆದವರು ತಮ್ಮ ಹಿರಿಯರು. ಓದು ಮುಗಿಸಿ ಪಾಸಾದ ಮೇಲೆ ಬಾ, ಹಾರ ಹಾಕುತ್ತೇವೆ ಎಂದು ಅವರು ಹೇಳಲಿಲ್ಲ. ದೀಪ, ಹಲಗೆ, ಮಾಸ್ತರರನ್ನು ಮೊದಲು ಕೊಟ್ಟರು. ವೇಟ್‌ಲಿಫ್ಟಿಂಗ್ ಮಕ್ಕಳ ವಿಷಯದಲ್ಲಿ ಈಗ ನಡೆಯುತ್ತಿರುವುದು ಅದಕ್ಕೆ ತಿರುಗುಮುರುಗು.

ಮೊದಲು ಒಲಿಂಪಿಕ್ಸ್ ಅರ್ಹತೆಯ ಮಾತು. ಪತ್ರಿಕೆಗಳಲ್ಲಿ ಅದು ಒಂದು ಸಾಲಿನಲ್ಲಿ ಮುಗಿಯುತ್ತದೆ, ಒಳಗಿನ ಲೆಕ್ಕ ಮಾತ್ರ ಎರಡು ವರ್ಷದ್ದು. ಪ್ಯಾರಿಸ್‌ಗೆ ಇಡೀ ಜಗತ್ತಿನಿಂದ ತೆಗೆದುಕೊಂಡದ್ದು 120 ಲಿಫ್ಟರುಗಳನ್ನು. ಹತ್ತು ವಿಭಾಗ, ವಿಭಾಗಕ್ಕೆ ಹನ್ನೆರಡು ಜನ. ಅದರಲ್ಲಿ ಹತ್ತು ಸ್ಥಾನ ಅರ್ಹತಾ ಪಟ್ಟಿಯಿಂದ, ಅದೂ ಒಂದು ದೇಶಕ್ಕೆ ವಿಭಾಗಕ್ಕೊಬ್ಬರಂತೆ. ಒಂದು ದೇಶದಿಂದ ಹೆಚ್ಚೆಂದರೆ ಮೂವರು ಪುರುಷರು, ಮೂವರು ಮಹಿಳೆಯರು. ಪಟ್ಟಿಯ ಅವಧಿ 2022ರ ಆಗಸ್ಟ್‌ನಿಂದ 2024ರ ಏಪ್ರಿಲ್‌ವರೆಗೆ. ಅಷ್ಟರಲ್ಲಿ 2023ರ ರಿಯಾದ್ ವಿಶ್ವ ಚಾಂಪಿಯನ್‌ಶಿಪ್ ಮತ್ತು 2024ರ ಫುಕೆಟ್ ವಿಶ್ವಕಪ್ ಎರಡಕ್ಕೂ ಹೋಗಲೇಬೇಕು. ಉಳಿದ ನಿಗದಿತ ಸ್ಪರ್ಧೆಗಳಲ್ಲಿ ಇನ್ನೂ ಮೂರಕ್ಕಾದರೂ ಹೋಗಬೇಕು. ಎಲ್ಲದರಲ್ಲಿ ಅತ್ಯುತ್ತಮವಾದ ಒಂದು ಮೊತ್ತ ಮಾತ್ರ ಲೆಕ್ಕಕ್ಕೆ.

ಇದು ನೆಲದ ಮೇಲೆ ಹೇಗೆ ನಡೆಯಿತು ನೋಡಿ. ಮೀರಾಬಾಯಿಯವರ ಅತ್ಯುತ್ತಮ ಮೊತ್ತ ಬಂದದ್ದು 2022ರ ಡಿಸೆಂಬರ್‌ನಲ್ಲಿ, ಬೊಗೋಟಾದಲ್ಲಿ: 87 ಮತ್ತು 113, ಒಟ್ಟು 200. ಮಣಿಕಟ್ಟಿನ ನೋವಿನಲ್ಲೇ ಎತ್ತಿದ್ದು. ರಿಯಾದ್‌ಗೆ ಹೋಗಿ ದೇಹತೂಕ ಕೊಟ್ಟು, ಭಾರ ಎತ್ತದೆ ಮರಳಿದರು. ಹಾಜರಾತಿಯ ನಿಯಮ ಪೂರೈಸಲು ಅಷ್ಟು ಸಾಕಿತ್ತು. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸೊಂಟಕ್ಕೆ ಪೆಟ್ಟಾಯಿತು. ತಿಂಗಳುಗಟ್ಟಲೆ ಆಟದಿಂದ ಹೊರಗಿದ್ದು ಫುಕೆಟ್‌ನಲ್ಲಿ 184 ಕಿಲೋ ಎತ್ತಿ ಕೊನೆಯ ಹಾಜರಿ ಹಾಕಿದರು. ಅಂದರೆ ಪ್ಯಾರಿಸ್ ಬಾಗಿಲು ತೆರೆದದ್ದು ಇಪ್ಪತ್ತು ತಿಂಗಳ ಹಿಂದಿನ ಬೊಗೋಟಾದ ಕೆಲಸ. ಬೊಗೋಟಾದ ಆ 200 ಕಿಲೋ ಪ್ಯಾರಿಸ್‌ನಲ್ಲಿ ಕಂಚು ಗೆದ್ದ ಮೊತ್ತಕ್ಕೆ ಸರಿಸಮ ಎಂಬುದನ್ನು ನೆನೆದಾಗಲೆಲ್ಲ ನಮಗೆ ಸಂಕಟವಾಗುತ್ತದೆ.

ಟೋಕಿಯೊಗೂ ಪ್ಯಾರಿಸ್‌ಗೂ ವೇಟ್‌ಲಿಫ್ಟಿಂಗ್‌ನಲ್ಲಿ ಭಾರತದಿಂದ ಹೋದದ್ದು ಅವರೊಬ್ಬರೇ. ಇಷ್ಟು ದೊಡ್ಡ ದೇಶಕ್ಕೆ ಒಬ್ಬರು ಏಕೆ ಎಂಬುದಕ್ಕೆ ಉತ್ತರ ಅಂಕಿಗಳಲ್ಲಿದೆ. ಅದನ್ನು ಮುಚ್ಚುಮರೆಯಿಲ್ಲದೆ ಹೇಳುವುದು ನಮ್ಮ ಕರ್ತವ್ಯ. ಬರ್ಮಿಂಗ್‌ಹ್ಯಾಮ್‌ನಲ್ಲಿ 73 ಕಿಲೋ ವಿಭಾಗದ ಚಿನ್ನ ಗೆದ್ದ ಅಚಿಂತ ಶೆಯುಲಿಯವರ ಮೊತ್ತ 313. ಪ್ಯಾರಿಸ್‌ನಲ್ಲಿ ಅದೇ ವಿಭಾಗದ ಕಂಚಿಗೆ ಬೇಕಾದದ್ದು 344. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರಲ್ಲಿ ಗೋಲ್ಡ್ ಕೋಸ್ಟ್‌ನಲ್ಲಿ 56 ಕಿಲೋ ವಿಭಾಗದ ಬೆಳ್ಳಿ, 2022ರಲ್ಲಿ 61 ಕಿಲೋ ವಿಭಾಗದ ಕಂಚು ತಂದರು. ಎರಡನೆಯದರ ಮೊತ್ತ 269. ಪ್ಯಾರಿಸ್‌ನ 61 ಕಿಲೋ ಕಂಚು 298ಕ್ಕೆ ಹೋಯಿತು. ಸುಮಾರು ಮೂವತ್ತು ಕಿಲೋ ಅಂತರ. ಇದರಿಂದ ಆ ಹುಡುಗರ ಸಾಧನೆ ಕಿರಿದಾಗುವುದಿಲ್ಲ. ಕಾಮನ್‌ವೆಲ್ತ್ ಪದಕಕ್ಕೆ ಅದರದೇ ತೂಕವಿದೆ. ಆದರೆ ಕಾಮನ್‌ವೆಲ್ತ್‌ನಲ್ಲಿ ಚೀನಾ ಇಲ್ಲ, ಉತ್ತರ ಕೊರಿಯಾ ಇಲ್ಲ, ಥಾಯ್ಲೆಂಡ್, ಇಂಡೋನೇಷ್ಯಾ ಇಲ್ಲ. ಅಲ್ಲಿ ಗೆದ್ದವರ ಫೋಟೋ ಹಾಕಿ 'ಮುಂದಿನ ಒಲಿಂಪಿಕ್ ಪದಕ ಖಚಿತ' ಎಂದು ತಾವು ಬ್ಯಾನರ್ ಕಟ್ಟಿದರೆ ಆ ಹುಡುಗನ ಬೆನ್ನ ಮೇಲೆ ಇಲ್ಲದ ಮೂವತ್ತು ಕಿಲೋ ಹೇರಿದ ಹಾಗೆ. ಭುಜ ನೋವಿದ್ದರೂ ಹೇಳಿಕೊಳ್ಳಲಾರದೆ ಅಭ್ಯಾಸ ಮಾಡುತ್ತಾನೆ.

ಈಗ 2028ರ ಲಾಸ್ ಏಂಜಲೀಸ್. ಒಟ್ಟು ಹನ್ನೆರಡು ವಿಭಾಗ, ಪುರುಷರಿಗೆ ಆರು, ಮಹಿಳೆಯರಿಗೆ ಆರು. ಮಹಿಳೆಯರಲ್ಲಿ ಅತಿ ಹಗುರ ವಿಭಾಗ 53 ಕಿಲೋ, ಪುರುಷರಲ್ಲಿ 65 ಕಿಲೋ. ಮೀರಾಬಾಯಿ ಟೋಕಿಯೊದಲ್ಲಿ 202 ಕಿಲೋ ಎತ್ತಿ ಬೆಳ್ಳಿ ಗೆದ್ದ 49 ಕಿಲೋ ವಿಭಾಗ ಅಲ್ಲಿಲ್ಲ. 2025ರ ಅಕ್ಟೋಬರ್‌ನಲ್ಲಿ ನಾರ್ವೆಯ ಫೋರ್ಡೆಯಲ್ಲಿ ಅವರು 48 ಕಿಲೋ ವಿಭಾಗದಲ್ಲಿ 199 ಎತ್ತಿ ವಿಶ್ವ ಚಾಂಪಿಯನ್‌ಶಿಪ್ ಬೆಳ್ಳಿ ಪಡೆದರು. ಒಲಿಂಪಿಕ್ಸ್‌ಗೆ ಆ ದೇಹತೂಕ ಸಾಲದು. 53ರಲ್ಲಿ ಪದಕಕ್ಕೆ ಎಷ್ಟು ಬೇಕಾದೀತು? ಪ್ಯಾರಿಸ್‌ನ 49 ಕಿಲೋ ಕಂಚು 200, ಟೋಕಿಯೊದ 55 ಕಿಲೋ ಕಂಚು 213. ನಡುವಿನ 53ಕ್ಕೆ 205ರಿಂದ 210 ಎಂಬುದು ನಮ್ಮ ಅಂದಾಜು. ಮೀರಾಬಾಯಿಯವರ ಜೀವಮಾನದ ಅತ್ಯುತ್ತಮ ಮೊತ್ತ 205, ಅದು 2021ರ ತಾಷ್ಕೆಂಟ್‌ನಲ್ಲಿ ಬಂದದ್ದು. ಭಾರತಕ್ಕೆ ಪದಕದ ದಾರಿ ಎಲ್ಲಾದರೂ ಹತ್ತಿರವಿದ್ದರೆ ಅದು ಮಹಿಳೆಯರ ಹಗುರ ವಿಭಾಗದಲ್ಲೇ. ಆದ್ದರಿಂದ ತಮ್ಮ ನೆರವಿನಲ್ಲಿ ಹೆಣ್ಣುಮಕ್ಕಳಿಗೆ ಮೊದಲ ಪಾಲು ಕೇಳುತ್ತೇವೆ.

ಗಂಡುಮಕ್ಕಳ ಮಾತಿಗೆ ಬಂದರೆ 65 ಎಂಬ ಅಂಕಿ ಬಹಳ ದೊಡ್ಡದು. ಸಾಂಗ್ಲಿ, ಕೊಲ್ಹಾಪುರ, ಬೆಳಗಾವಿ, ಕರಾವಳಿ ಕಡೆಯಿಂದ ಬರುವ ನಮ್ಮ ಹುಡುಗರು ಬಹುತೇಕ ಸಣ್ಣ ಮೈಕಟ್ಟಿನವರು. ಜಿಲ್ಲಾ ಪದಕ ಬೇಗ ಸಿಗಲಿ ಎಂದು ಅವರ ತೂಕ ಇಳಿಸಿ ಹಗುರ ವಿಭಾಗಕ್ಕೆ ಹಾಕುವುದು ರೂಢಿಯಾಗಿದೆ. ಸ್ಪರ್ಧೆಗೆ ಎರಡು ದಿನ ಮೊದಲಿಂದ ಅನ್ನ ಬಿಡಿಸುತ್ತಾರೆ, ಹಿಂದಿನ ರಾತ್ರಿ ನೀರು ಬಿಡಿಸುತ್ತಾರೆ, ಮೈಗೆ ಪ್ಲಾಸ್ಟಿಕ್ ಸುತ್ತಿ ಓಡಿಸುತ್ತಾರೆ. ಒಂದು ಜಿಲ್ಲಾ ಸ್ಪರ್ಧೆಯಲ್ಲಿ ತೂಕದ ಕೋಣೆಯ ಹೊರಗೆ ಹದಿನಾಲ್ಕರ ಹುಡುಗನೊಬ್ಬ ಬಾಟಲಿಗೆ ಉಗುಳುತ್ತಾ ಕೂತಿದ್ದ. ಇನ್ನೂ ಇನ್ನೂರು ಗ್ರಾಂ ಇಳಿಯಬೇಕಿತ್ತಂತೆ. ತೂಕ ಕೊಡುವುದು ಸ್ಪರ್ಧೆಗೆ ಎರಡು ಗಂಟೆ ಮೊದಲು ಆರಂಭವಾಗಿ ಒಂದು ಗಂಟೆ ನಡೆಯುತ್ತದೆ. ಅದರ ಕೊನೆಗೆ ತೂಕ ಕೊಟ್ಟವನಿಗೆ ಮೈಗೆ ನೀರು, ಉಪ್ಪು ತುಂಬಿಕೊಳ್ಳಲು ಉಳಿಯುವುದು ಒಂದೇ ಗಂಟೆ. ಸಾಲುವುದಿಲ್ಲ. ಅವನ ಸ್ನ್ಯಾಚ್ ಹೇಗೋ ನಡೆಯಿತು; ಕ್ಲೀನ್‌ನಲ್ಲಿ ಬಾರ್ ಎದೆಗೆ ಬಂದು ಕೂತಲ್ಲಿಂದ ಏಳುವಾಗ ತೊಡೆ ಹಿಡಿದುಕೊಂಡಿತು. ಮೂರು ಯತ್ನವೂ ಹೋದವು, ಮೊತ್ತವೇ ಇಲ್ಲ. ಬೆಳೆಯುವ ಮಗುವಿನ ತೂಕ ಇಳಿಸುವುದು ಎಂದರೆ ಅವನ ಎಲುಬು, ಸ್ನಾಯುವಿಗೆ ಹೋಗಬೇಕಾದದ್ದನ್ನು ಕಿತ್ತುಕೊಳ್ಳುವುದು. ಹದಿನಾಲ್ಕರಲ್ಲಿ 49ಕ್ಕೆ ಹಿಡಿದಿಟ್ಟವನು ಇಪ್ಪತ್ತರ ಹೊತ್ತಿಗೆ 65ರಲ್ಲಿ ಗಟ್ಟಿಯಾಗಿ ನಿಲ್ಲುವುದು ಕಷ್ಟ. ಮಕ್ಕಳು ಅವರಿರುವ ತೂಕದಲ್ಲೇ ಸ್ಪರ್ಧಿಸಲಿ, ಪದಕ ಬರದಿದ್ದರೆ ಬರದಿರಲಿ. ತಮ್ಮ ವಿದ್ಯಾರ್ಥಿವೇತನದ ಅರ್ಜಿಯಲ್ಲಿ 'ಜಿಲ್ಲಾ ಮಟ್ಟದ ಪದಕ ಕಡ್ಡಾಯ' ಎಂದಿರುವುದು ಈ ರೂಢಿಗೆ ನೇರವಾಗಿ ನೀರೆರೆಯುತ್ತಿದೆ. ಆ ಸಾಲು ತೆಗೆಯಿರಿ. ಅದರ ಬದಲು ಒಂದು ವರ್ಷದಲ್ಲಿ ಮಗುವಿನ ಮೊತ್ತ ಎಷ್ಟು ಏರಿದೆ, ಅಭ್ಯಾಸಕ್ಕೆ ಹಾಜರಿ ಎಷ್ಟಿದೆ ಎಂದು ಕೇಳಿ.

ಸಲಕರಣೆಯ ಮಾತನ್ನು ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೊಡಿ. ಹಣ ಸರಿಯಾಗಿ ಕೆಲಸ ಮಾಡುವುದೂ ದಂಡವಾಗುವುದೂ ಇಲ್ಲೇ.

ಪುರುಷರ ಬಾರ್ 20 ಕಿಲೋ, 28 ಮಿಲಿಮೀಟರ್ ದಪ್ಪ, 2.2 ಮೀಟರ್ ಉದ್ದ. ಮಹಿಳೆಯರದು 15 ಕಿಲೋ, 25 ಮಿಲಿಮೀಟರ್, 2.01 ಮೀಟರ್. ನಮ್ಮ ಹೆಚ್ಚಿನ ಜಿಮ್‌ಗಳಲ್ಲಿ ಎರಡನೆಯದು ಇಲ್ಲವೇ ಇಲ್ಲ. ಮೂರು ಮಿಲಿಮೀಟರ್ ಏನು ಮಹಾ ಎಂದು ಕೇಳುವವರಿದ್ದಾರೆ. ಈ ಆಟದಲ್ಲಿ ಬಾರ್ ಹಿಡಿಯುವುದು ಹೆಬ್ಬೆರಳನ್ನು ಒಳಗೆ ಹಾಕಿ, ಅದರ ಮೇಲೆ ತೋರುಬೆರಳು, ನಡುಬೆರಳನ್ನು ಬಿಗಿದು. ಅದಕ್ಕೆ ಹುಕ್ ಗ್ರಿಪ್ ಎನ್ನುತ್ತೇವೆ. ಹನ್ನೆರಡರ ಹುಡುಗಿಯ ಬೆರಳು ದಪ್ಪ ಬಾರಿನ ಸುತ್ತ ಬಂದು ಹೆಬ್ಬೆರಳಿನ ಉಗುರಿನ ಮೇಲೆ ಮುಗಿಯುತ್ತದೆ, ಗೆಣ್ಣಿನವರೆಗೆ ತಲುಪುವುದಿಲ್ಲ. ಹಿಡಿತ ಜಾರುತ್ತದೆ ಎಂಬ ಹೆದರಿಕೆಗೆ ಅವಳು ಬಾರನ್ನು ತೊಡೆಯ ಮಟ್ಟದಲ್ಲಿ ಜೋರಾಗಿ ಎಳೆಯುವ ಬದಲು ತೋಳಿನಿಂದ ಬೇಗ ಮಡಚಿ ಎಳೆಯುತ್ತಾಳೆ. ಕಾಲಿನ ಬಲ ಬಾರಿಗೆ ಸೇರುವುದೇ ಇಲ್ಲ. ಎರಡು ವರ್ಷ ಹೀಗೆ ಕಲಿತದ್ದನ್ನು ಬಿಡಿಸಲು ಇನ್ನೆರಡು ವರ್ಷ ಬೇಕು. ಒಂದು ಮಹಿಳಾ ಬಾರ್ ಸಾಕು, ಹತ್ತು ಹುಡುಗಿಯರು ಸರದಿಯಲ್ಲಿ ಕಲಿಯಬಹುದು.

ಎರಡನೆಯದು ಪ್ಲೇಟು. ದೊಡ್ಡ ಪ್ಲೇಟಿನ ಅಡ್ಡಳತೆ 450 ಮಿಲಿಮೀಟರ್. ಹಾಗಾಗಿ ಬಾರ್ ನೆಲದಿಂದ ಇಪ್ಪತ್ತೆರಡೂವರೆ ಸೆಂಟಿಮೀಟರ್ ಎತ್ತರದಲ್ಲಿ ನಿಲ್ಲುತ್ತದೆ. ಮಕ್ಕಳಿಗೆ ಭಾರ ಕಡಿಮೆ ಇರಲಿ ಎಂದು ಬಾಡಿಬಿಲ್ಡಿಂಗ್ ಜಿಮ್ಮಿನ ಸಣ್ಣ ಕಬ್ಬಿಣದ ಪ್ಲೇಟು ಹಾಕಿದರೆ ಬಾರ್ ಅಂಗಾಲಿನ ಹತ್ತಿರಕ್ಕೆ ಇಳಿಯುತ್ತದೆ. ಅದನ್ನು ಹಿಡಿಯಲು ಮಗು ಬೆನ್ನು ಗೂನು ಮಾಡಲೇಬೇಕು. ತರಬೇತುದಾರ 'ಬೆನ್ನು ನೇರ, ಬೆನ್ನು ನೇರ' ಎಂದು ಎಷ್ಟು ಕೂಗಿದರೂ ತಪ್ಪು ಮಗುವಿನದಲ್ಲ, ಪ್ಲೇಟಿನದು. ಎರಡೂವರೆ, ಐದು ಕಿಲೋ ತೂಕದ, ಆದರೆ ಪೂರ್ಣ ಅಡ್ಡಳತೆಯ ಹಗುರ ಪ್ಲೇಟುಗಳು ಸಿಗುತ್ತವೆ. ಅವು ಬೇಕು.

ಮೂರನೆಯದು ಪ್ಲಾಟ್‌ಫಾರ್ಮ್. ಸ್ಪರ್ಧೆಯದು ನಾಲ್ಕು ಮೀಟರ್ ಚೌಕ; ಅಭ್ಯಾಸಕ್ಕೆ ಎಂಟಡಿ ಚೌಕ ಸಾಕು. ಇದನ್ನು ಯಾವ ಬಡಗಿಯೂ ಒಂದು ದಿನದಲ್ಲಿ ಮಾಡಿಕೊಡಬಲ್ಲ. ಎಂಟು ಅಡಿಗೆ ನಾಲ್ಕು ಅಡಿಯ, 18 ಮಿಲಿಮೀಟರ್ ದಪ್ಪದ ಐದು ಪ್ಲೈವುಡ್ ಹಾಳೆ ಬೇಕು. ಎರಡು ಕೆಳಗೆ. ಅವುಗಳ ಮೇಲೆ ಇನ್ನೆರಡು ಅಡ್ಡಡ್ಡಲಾಗಿ, ಸಂಧಿಯ ಮೇಲೆ ಸಂಧಿ ಬರದಂತೆ. ಐದನೆಯದು ನಟ್ಟನಡುವೆ, ಕಾಲಿಡುವ ಜಾಗಕ್ಕೆ. ಅದರ ಎರಡು ಪಕ್ಕದಲ್ಲಿ ಎರಡೆರಡು ಅಡಿ ಅಗಲದ ರಬ್ಬರ್ ಪಟ್ಟಿ, ಪ್ಲೇಟು ಬೀಳುವ ಕಡೆ. ರಬ್ಬರಿನ ದಪ್ಪ ಪ್ಲೈವುಡ್ಡಿನ ದಪ್ಪಕ್ಕೆ ಸರಿಹೊಂದಬೇಕು. ಐದು ಮಿಲಿಮೀಟರ್ ಎದ್ದಿದ್ದರೂ ಜರ್ಕ್‌ನಲ್ಲಿ ಕಾಲು ಚಾಚುವಾಗ ಎಡವುತ್ತದೆ. ಸ್ಕ್ರೂ ತಲೆ ಮರದೊಳಗೆ ಮುಳುಗಿರಲಿ. ಮುಂಬಯಿ ಮಳೆಗೆ ಸಾಮಾನ್ಯ ಪ್ಲೈವುಡ್ ಎರಡು ವರ್ಷಕ್ಕೆ ಉಬ್ಬುತ್ತದೆ, ಆದ್ದರಿಂದ ನೀರು ತಡೆಯುವ ಮರೀನ್ ದರ್ಜೆಯದ್ದೇ ತರಿಸಿ, ಕತ್ತರಿಸಿದ ಅಂಚಿಗೆಲ್ಲ ಪ್ರೈಮರ್ ಬಳಿಸಿ.

ಜಾಗ ನೆಲದ ಮಟ್ಟದಲ್ಲೇ ಇರಬೇಕು, ಮೇಲಿನ ಮಹಡಿ ಬೇಡ. ನೂರು ಕಿಲೋ ತಲೆಯ ಮೇಲಿಂದ ಬಿದ್ದರೆ ಕೆಳಗಿನ ಮನೆಯವರು ಪೊಲೀಸ್ ಠಾಣೆಗೆ ಹೋಗುವುದು ನ್ಯಾಯವೇ. ಸೂರು ಹತ್ತಡಿಗಿಂತ ಎತ್ತರವಿರಲಿ, ಮೇಲೆ ಸೀಲಿಂಗ್ ಫ್ಯಾನ್ ಇರಬಾರದು. ಇದನ್ನು ಬಿಡಿಸಿ ಹೇಳಲು ಕಾರಣವಿದೆ: ಒಂದು ಕಡೆ ಪ್ಲಾಟ್‌ಫಾರ್ಮ್ ಹಾಕಿಸಿ ಉದ್ಘಾಟನೆಯೂ ಆದಮೇಲೆ ಫ್ಯಾನಿನ ರೆಕ್ಕೆ ನೋಡಿ ಎಲ್ಲವನ್ನೂ ಗೋಡೆಗೆ ಸರಿಸಬೇಕಾಯಿತು. ತಮ್ಮ ಎಷ್ಟೋ ಸಭಾಗೃಹಗಳ ಕೆಳಗೆ ಕುರ್ಚಿ, ಪೆಂಡಾಲ್ ಸಾಮಾನು, ಹಳೆಯ ನಾಟಕದ ಪರದೆ ತುಂಬಿದ ಕೋಣೆಗಳಿವೆ. ಅಂಥದೊಂದು ಕೋಣೆ ಸಾಕು.

ಆಮೇಲೆ ನೋಡಿಕೊಳ್ಳುವುದು. ನಮ್ಮ ಕಡಲ ಗಾಳಿಗೆ ಬಾರ್ ಬೇಗ ತುಕ್ಕು ಹಿಡಿಯುತ್ತದೆ. ಕೈ ಜಾರದಂತೆ ಹಚ್ಚುವ ಮೆಗ್ನೀಷಿಯಂ ಕಾರ್ಬೋನೇಟ್ ಪುಡಿ ತೇವ ಹೀರಿ ಬಾರಿನ ಗೆರೆಗಳಲ್ಲಿ ಕೂತರೆ ಇನ್ನೂ ಬೇಗ. ಪ್ರತಿದಿನ ಅಭ್ಯಾಸ ಮುಗಿದ ಮೇಲೆ ನೈಲಾನ್ ಬ್ರಷ್ಷಿನಿಂದ ಉಜ್ಜಿ, ವಾರಕ್ಕೊಮ್ಮೆ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಒರೆಸಬೇಕು. ಪ್ಲೇಟು ಕೂರುವ ತುದಿಯ ಕೊಳವೆ ಸಲೀಸಾಗಿ ತಿರುಗುತ್ತಿದೆಯೇ ಎಂದು ಬೆರಳಲ್ಲಿ ತಿರುಗಿಸಿ ನೋಡಬೇಕು. ಅದು ತಿರುಗದೆ ಬಿಗಿದರೆ, ಕ್ಲೀನ್‌ನಲ್ಲಿ ಮೊಣಕೈ ಮುಂದಕ್ಕೆ ತರುವ ಕ್ಷಣದಲ್ಲಿ ಪ್ಲೇಟಿನ ತಿರುವೆಲ್ಲ ಮಣಿಕಟ್ಟಿಗೆ ಬರುತ್ತದೆ. ಹುಡುಗರ ಮಣಿಕಟ್ಟು ನೋವಿಗೆ ನಾವು ಕಂಡ ಕಾರಣಗಳಲ್ಲಿ ಇದೇ ಹೆಚ್ಚು.

ಊಟದ ವಿಷಯದಲ್ಲಿ ತಮಗೆ ಹೇಳಿಕೊಡುವ ಅಗತ್ಯವಿಲ್ಲ, ತಮ್ಮಲ್ಲಿ ಎಷ್ಟೋ ಜನ ಹೋಟೆಲ್ ಉದ್ಯಮಿಗಳು. ಲೆಕ್ಕ ಮಾತ್ರ ಕೊಡುತ್ತೇವೆ. ಐವತ್ತು ಕಿಲೋ ತೂಕದ, ವಾರಕ್ಕೆ ಐದು ದಿನ ಅಭ್ಯಾಸ ಮಾಡುವ ಹುಡುಗಿಗೆ ದಿನಕ್ಕೆ ಸುಮಾರು 80ರಿಂದ 100 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಅರ್ಧ ಲೀಟರ್ ಹಾಲಿನಲ್ಲಿ ಹದಿನಾರು, ನೂರು ಗ್ರಾಂ ಪನೀರಿನಲ್ಲಿ ಹದಿನೆಂಟರ ಹತ್ತಿರ, ಐವತ್ತು ಗ್ರಾಂ ಒಣ ಸೋಯಾ ಗಟ್ಟಿಯಲ್ಲಿ ಇಪ್ಪತ್ತೈದರಷ್ಟು. ಬೆಳಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಅನ್ನ-ಸಾರು, ರಾತ್ರಿ ಅನ್ನ-ಸಾಂಬಾರ್ ತಿನ್ನುವ ಮಗುವಿಗೆ ಇದರ ಅರ್ಧವೂ ಸಿಗುವುದಿಲ್ಲ. ಅಭ್ಯಾಸದ ಜಾಗದ ಹತ್ತಿರದ ಒಂದು ಹೋಟೆಲಿನವರು ಸಂಜೆ ಆರು ಮಕ್ಕಳಿಗೆ ತಲಾ ಮೂರು ಮೊಟ್ಟೆ ಅಥವಾ ಪನೀರು, ಒಂದು ದೊಡ್ಡ ಲೋಟ ಹಾಲು ಕೊಡಲಿ. ನಗದು ಬೇಡ, ಕೂಪನ್ ಕೊಡಿ. ನಗದು ಮನೆಯ ಬಾಡಿಗೆಗೆ ಹೋಗುತ್ತದೆ, ಅದು ಆ ತಂದೆತಾಯಿಯ ತಪ್ಪೂ ಅಲ್ಲ. ಹುಡುಗಿಯರಿಗೆ ಆರು ತಿಂಗಳಿಗೊಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 'ಇತ್ತೀಚೆಗೆ ಸೋಮಾರಿಯಾಗಿದ್ದಾಳೆ' ಎಂದು ಬೈಸಿಕೊಳ್ಳುವವರಲ್ಲಿ ಎಷ್ಟೋ ಜನರಿಗೆ ರಕ್ತ ಕಡಿಮೆ ಇರುತ್ತದೆ, ಅಷ್ಟೇ.

ಇನ್ನು ನಮ್ಮ ನಿಜವಾದ ದೂರು. ಒಂದು ಸಂಘದ ವಾರ್ಷಿಕೋತ್ಸವದಲ್ಲಿ ರಾಜ್ಯಮಟ್ಟದ ಪದಕ ಗೆದ್ದ ಹುಡುಗಿಗೆ ಸನ್ಮಾನವಾಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಜೊತೆಗೆ ಪ್ರಾಯೋಜಕರ ಕಡೆಯಿಂದ ಎರಡೂವರೆ ಕಿಲೋ ಪ್ರೋಟೀನ್ ಪುಡಿಯ ಕಪ್ಪು ಡಬ್ಬಿ. ಅವಳ ಪುಟ್ಟ ಕೈಗೆ ಅದು ಹಿಡಿಯಲೇ ಇಲ್ಲ, ಹೊಟ್ಟೆಗೆ ಒತ್ತಿಕೊಂಡು ಫೋಟೋಗೆ ನಿಂತಳು. ಮನಸ್ಸು ಒಳ್ಳೆಯದೇ ಇತ್ತು. ಆದರೆ ಆ ಡಬ್ಬಿ ಅವಳ ಆಟವನ್ನೇ ಮುಗಿಸಬಹುದಿತ್ತು. ಇಂಥ ಪುಡಿಗಳಲ್ಲಿ ಲೇಬಲ್ಲಿನ ಮೇಲೆ ಬರೆಯದ ಸ್ಟೀರಾಯ್ಡ್, ಉತ್ತೇಜಕಗಳು ಬೆರೆತಿರುವುದುಂಟು. ಶಕ್ತಿವರ್ಧಕ ಎಂದು ಮಾರುವ ಬೇರಿನ ಚೂರ್ಣಗಳಲ್ಲೂ ಉಂಟು. ಉದ್ದೀಪನ ಮದ್ದಿನ ನಿಯಮದಲ್ಲಿ 'ನನಗೆ ಗೊತ್ತಿರಲಿಲ್ಲ' ಎಂಬುದಕ್ಕೆ ಬಿಡುಗಡೆಯಿಲ್ಲ. ಮೂತ್ರದಲ್ಲಿ ಸಿಕ್ಕಿತೆಂದರೆ ಹೊಣೆ ಆಟಗಾರರದ್ದೇ. ಸ್ಟೀರಾಯ್ಡ್ ಆದರೆ ನಾಲ್ಕು ವರ್ಷದವರೆಗೆ ನಿಷೇಧ. ಹದಿನಾರರ ಹುಡುಗಿಗೆ ನಾಲ್ಕು ವರ್ಷ ಎಂದರೆ ಎಲ್ಲವೂ.

ಇದು ಒಬ್ಬರಿಗೆ ನಿಲ್ಲುವುದೂ ಇಲ್ಲ. ವೇಟ್‌ಲಿಫ್ಟಿಂಗ್‌ನಲ್ಲಿ ಒಂದು ದೇಶದ ಪ್ರಕರಣಗಳು ಹೆಚ್ಚಾದರೆ ಇಡೀ ದೇಶವನ್ನೇ ಹೊರಗಿಡುತ್ತಾರೆ. ಥಾಯ್ಲೆಂಡ್, ಮಲೇಷ್ಯಾ, ಈಜಿಪ್ಟ್, ರೊಮೇನಿಯಾ ಟೋಕಿಯೊ ಒಲಿಂಪಿಕ್ಸ್‌ನಿಂದ ಹೀಗೆಯೇ ಹೊರಗುಳಿದವು. ಏನೂ ತಪ್ಪು ಮಾಡದ ಲಿಫ್ಟರುಗಳೂ ಮನೆಯಲ್ಲಿ ಕೂತರು. ಮಾದರಿಗಳನ್ನು ಹತ್ತು ವರ್ಷ ಕಾದಿಟ್ಟು ಮತ್ತೆ ಪರೀಕ್ಷಿಸುತ್ತಾರೆ. 2012ರ ಲಂಡನ್‌ನ 94 ಕಿಲೋ ವಿಭಾಗದಲ್ಲಿ ಮೊದಲು ಒಂಬತ್ತನೆಯವರಾಗಿದ್ದ ಪೋಲೆಂಡಿನ ತೊಮಾಷ್ ಝೆಲಿನ್‌ಸ್ಕಿ, ಮುಂದಿದ್ದವರು ಒಬ್ಬೊಬ್ಬರೇ ಸಿಕ್ಕಿಬಿದ್ದ ಮೇಲೆ ಕಂಚಿಗೆ ಏರಿದರು.

ಆದ್ದರಿಂದ ತಮ್ಮ ವೇದಿಕೆಯ ಮೇಲೆ ಯಾವ ಪುಡಿ, ಮಾತ್ರೆ, ಚೂರ್ಣದ ಡಬ್ಬಿಯನ್ನೂ ಮಕ್ಕಳ ಕೈಗೆ ಕೊಡಿಸಬೇಡಿ, ಪ್ರಾಯೋಜಕರು ಎಷ್ಟೇ ದೊಡ್ಡವರಿರಲಿ. ಅಷ್ಟೇ ಬೆಲೆಯ ಮೊಟ್ಟೆ, ಹಾಲಿನ ಕೂಪನ್ ಕೊಡಿಸಿ. ತಮ್ಮ ಸಂಘಗಳಲ್ಲಿ ವೈದ್ಯರು ಬಹಳಷ್ಟಿದ್ದಾರೆ. ಅವರಲ್ಲೊಬ್ಬರು ಈ ಮಕ್ಕಳಿಗಾಗಿ ತಿಂಗಳಿಗೆ ಒಂದು ಸಂಜೆ ಕೊಟ್ಟರೆ ಸಾಕು. ನೆಗಡಿಯ ಮಾತ್ರೆಯಲ್ಲಿರುವ ಸುಡೊಎಫಿಡ್ರಿನ್ ಸ್ಪರ್ಧೆಯ ದಿನ ಮಿತಿ ಮೀರಿದರೆ ತೊಂದರೆ ಎಂಬುದು ತಾಯಂದಿರಿಗೆ ಗೊತ್ತಿರುವುದಿಲ್ಲ. ಆಸ್ತಮಾ ಇರುವ ಮಗುವಿನ ಔಷಧಿಗೆ ಮೊದಲೇ ಅನುಮತಿ ಬೇಕಾಗಬಹುದು. ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ನಾಡಾದ 'ನೋ ಯುವರ್ ಮೆಡಿಸಿನ್' ಆ್ಯಪ್‌ನಲ್ಲಿ ಔಷಧಿಯ ಹೆಸರು ಹಾಕಿ ನೋಡಬಹುದು. ನಿಷೇಧಿತ ಪಟ್ಟಿ ಪ್ರತಿ ಜನವರಿ 1ಕ್ಕೆ ಬದಲಾಗುತ್ತದೆ, ಆ ತಿಂಗಳು ಒಂದು ಸಭೆ ಇಟ್ಟುಕೊಳ್ಳಿ.

ಮತ್ತೆ ಆ ಒಂದು ಕಿಲೋಗೆ ಬರುತ್ತೇವೆ. ಪ್ಯಾರಿಸ್‌ನಲ್ಲಿ ಮೀರಾಬಾಯಿ ಕ್ಲೀನ್ ಆ್ಯಂಡ್ ಜರ್ಕ್ ಶುರು ಮಾಡಿದ್ದು 111ಕ್ಕೆ. ಮೊದಲ ಯತ್ನ ತಪ್ಪಿತು, ಎರಡನೆಯದಕ್ಕೆ ಅದೇ 111 ಬಂತು. ಕೊನೆಯ ಯತ್ನಕ್ಕೆ 114 ಕೇಳಿದರು, ನಿಲ್ಲಲಿಲ್ಲ. ಮೊದಲ ಯತ್ನ ತಪ್ಪಿದರೆ ಮೂರರಲ್ಲಿ ಒಂದು ಅವಕಾಶ ಅಲ್ಲೇ ಖರ್ಚು. ನಡುವಿನ ಮೆಟ್ಟಿಲು ಹತ್ತಲು ಜಾಗವಿಲ್ಲ. ಇದು ಬಲದ ಪಾಠವಷ್ಟೇ ಅಲ್ಲ, ಲೆಕ್ಕದ ಪಾಠ. ಹೆಸರು ಕರೆದ ಮೇಲೆ ಒಂದು ನಿಮಿಷ, ಮೂವತ್ತು ಸೆಕೆಂಡಿಗೆ ಗಂಟೆ, ಆಮೇಲೆ ಭಾರ ಬದಲಿಸುವಂತಿಲ್ಲ. ಬಾರಿನ ಭಾರ ಏರುತ್ತಲೇ ಹೋಗುತ್ತದೆ, ಕಡಿಮೆ ಕೇಳಿದವರ ಸರದಿ ಮೊದಲು. ಹಿಂದಿನ ಕೋಣೆಯಲ್ಲಿ ಕೋಚ್ ಎಲ್ಲರೂ ಕೇಳಿದ ಭಾರ ಬರೆದ ಚೀಟಿ ನೋಡಿ, ತನ್ನ ಲಿಫ್ಟರಿಗೆ ಮುಂಚೆ ಇನ್ನೆಷ್ಟು ಯತ್ನ ಇದೆ ಎಣಿಸಿ, ಪ್ರತಿ ಮೂರು ಯತ್ನಕ್ಕೆ ಒಂದರಂತೆ ಮೈ ಬಿಸಿಮಾಡುವ ಭಾರ ಕೊಡಿಸುತ್ತಾ ಬರಬೇಕು. ಎದುರಾಳಿ ಭಾರ ಏರಿಸಿದರೆ ಲೆಕ್ಕವೆಲ್ಲ ತಲೆಕೆಳಗು; ಸರದಿ ಬೇಗ ಬಂದು, ಮೈ ಪೂರ್ತಿ ಬಿಸಿಯಾಗುವ ಮೊದಲೇ ವೇದಿಕೆಗೆ ಹೋಗಬೇಕಾಗುತ್ತದೆ. ಜಿಲ್ಲಾ ಸ್ಪರ್ಧೆಯಲ್ಲೇ ಈ ಎಣಿಕೆ ಕಲಿಯದ ಕೋಚ್‌ಗಳು, ಮಕ್ಕಳು ಮುಂದೆ ಕಲಿಯುವುದು ಎಲ್ಲಿ? ತಮ್ಮ ಕ್ರೀಡಾಕೂಟಗಳಲ್ಲಿ ಹಗ್ಗಜಗ್ಗಾಟ, ವಾಲಿಬಾಲ್ ಜೊತೆ ವರ್ಷಕ್ಕೊಂದು ವೇಟ್‌ಲಿಫ್ಟಿಂಗ್ ಸ್ಪರ್ಧೆಯನ್ನು ಪೂರ್ತಿ ನಿಯಮದಂತೆ ಇಡಿ. ಸರ್ಟಿಫೈ ಮಾಡಿದ ತೂಕದ ಯಂತ್ರ, ಮೂವರು ತೀರ್ಪುಗಾರರು, ಗಡಿಯಾರ, ಗಂಟೆ, ಚೀಟಿ. ತೀರ್ಪುಗಾರರು ನಾವು ಬರುತ್ತೇವೆ, ಸಂಭಾವನೆ ಬೇಡ. ಹತ್ತನೇ ತರಗತಿ ಪರೀಕ್ಷೆಯ ಮಾರ್ಚ್ ತಿಂಗಳು ಮಾತ್ರ ಬೇಡ.

ಪ್ರಯಾಣದ ನೆರವಿನ ಬಗ್ಗೆ ಒಂದೇ ಮಾತು. ಅದನ್ನು ಹೊರಡುವ ಮೊದಲು ಕೊಡಿ. ಗೆದ್ದು ಬಂದ ಮೇಲೆ ಬಿಲ್ಲು ತಂದುಕೊಡು ಎಂದರೆ, ರಾಷ್ಟ್ರೀಯ ಸ್ಪರ್ಧೆಗೆ ರಿಸರ್ವೇಶನ್ ಇಲ್ಲದ ಡಬ್ಬಿಯಲ್ಲಿ ಮೂವತ್ತು ಗಂಟೆ ಕೂತು ಹೋದ ಹುಡುಗಿ ಮರುದಿನ ಬೆಳಗ್ಗೆ ತೂಕ ಕೊಡಬೇಕಾಗುತ್ತದೆ. ಅವಳು ಕಳೆದುಕೊಳ್ಳುವ ಒಂದು ಕಿಲೋಗೆ ಬಿಲ್ಲು ಸಿಗುವುದಿಲ್ಲ.

ತಮ್ಮ ಮುಂದಿನ ಕಾರ್ಯಕಾರಿ ಸಮಿತಿ ಸಭೆಯ ವಿಷಯಪಟ್ಟಿಯಲ್ಲಿ ಈ ಪತ್ರವನ್ನು ಸೇರಿಸಬೇಕೆಂದು ವಿನಂತಿ. ಎಲ್ಲವನ್ನೂ ಎಲ್ಲ ಸಂಘಗಳೂ ಮಾಡಬೇಕಿಲ್ಲ. ಒಂದು ಸಂಘ ಕೋಣೆ ಕೊಡಲಿ, ಇನ್ನೊಂದು ಮಹಿಳಾ ಬಾರ್ ಮತ್ತು ಹಗುರ ಪ್ಲೇಟು ಕೊಡಿಸಲಿ, ಮತ್ತೊಂದು ಕೂಪನ್ ನೋಡಿಕೊಳ್ಳಲಿ. ಕೋಣೆ ಕೊಡಲು ಮನಸ್ಸು ಮಾಡಿದವರು ತಿಳಿಸಿದರೆ, ಅಳತೆ ಪಟ್ಟಿ ಹಿಡಿದು ನಮ್ಮಲ್ಲಿಬ್ಬರು ಯಾವ ಭಾನುವಾರ ಬೇಕಾದರೂ ಬಂದು ನೆಲ, ಸೂರು, ಫ್ಯಾನು ನೋಡಿ, ಬಡಗಿಗೆ ಕೊಡಬೇಕಾದ ಚಿತ್ರ ಬರೆದುಕೊಡುತ್ತೇವೆ. ಮಳೆಗಾಲಕ್ಕೆ ಮೊದಲು ಪ್ಲೈವುಡ್ ಕೂಡಿಸಿಬಿಟ್ಟರೆ ಒಳ್ಳೆಯದು.

ಇತಿ ತಮ್ಮ ವಿಶ್ವಾಸಿಗಳು,
ಮುಂಬಯಿ ಮತ್ತು ಪುಣೆಯಲ್ಲಿ ವೇಟ್‌ಲಿಫ್ಟಿಂಗ್ ಹೇಳಿಕೊಡುವ, ತೀರ್ಪು ನೀಡುವ ಕನ್ನಡಿಗರು